ಮಕ್ಕಳನ್ನು ಬಿಟ್ಟು ಇಬ್ಬರೇ ಹೋದ ಟ್ರಿಪ್: ಒಂದು ರೆಸಾರ್ಟ್, ಒಂದು ಹೆಂಚಿನ ಮನೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನ ಹತ್ತಿರ ಮೊದಲ ರಾತ್ರಿ ಉಳಿದ ‘ಕಪಲ್ ಸ್ಪೆಷಲ್’ ರೆಸಾರ್ಟಿಗೆ ಐದಕ್ಕೆ ಎರಡು. ಮಾರನೇ ದಿನ ಮೂಡಿಗೆರೆ ದಾಟಿ ಹಾನುಬಾಳು ಕಡೆ ಹೋಗುವ ರಸ್ತೆಯಲ್ಲಿ ಉಳಿದ ಹಳೇ ಮನೆಯ ಹೋಮ್‌ಸ್ಟೇಗೆ ನಾಲ್ಕೂವರೆ. ಕಳೆದ ಅರ್ಧ ಹಾಸಿಗೆಯದ್ದು.

ಎರಡರ ಹೆಸರನ್ನೂ ಹಾಕುತ್ತಿಲ್ಲ. ರೆಸಾರ್ಟಿನ ಹೆಸರು ಹಾಕಿ ಪ್ರಯೋಜನವಿಲ್ಲ, ಅಂಥವು ಆ ಕಡೆ ಬೇಕಾದಷ್ಟಿವೆ, ಒಂದೇ ಅಚ್ಚು. ಹೋಮ್‌ಸ್ಟೇಯವರು ತಾವೇ ಬೇಡ ಅಂದರು. ವಯಸ್ಸಾದ ಗಂಡ ಹೆಂಡತಿ, ಕೊಡುವುದು ಎರಡೇ ಕೋಣೆ, ಜಾಸ್ತಿ ಜನ ಬಂದರೆ ಸುಧಾರಿಸಲು ಆಗುವುದಿಲ್ಲ ಅಂತ. ಪರಿಚಯದವರಿಂದ ಪರಿಚಯದವರಿಗೆ ನಂಬರ್ ಹೋಗುತ್ತದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಇಬ್ಬರೇ ಹೊರಟಾಗ ಎಂಥ ಜಾಗ ಹುಡುಕಬೇಕು ಅನ್ನುವುದು ನನಗೆ ಈ ಎರಡು ರಾತ್ರಿಗಳಲ್ಲಿ ಸ್ಪಷ್ಟವಾಯಿತು. ‘ಏನೇನು ಆಕ್ಟಿವಿಟಿ ಇದೆ’ ಅಂತ ಕೇಳಬೇಡಿ. ‘ನಮ್ಮ ಪಾಡಿಗೆ ನಮ್ಮನ್ನು ಬಿಡ್ತೀರಾ’ ಅಂತ ಕೇಳಿ.

ನಮ್ಮ ಮದುವೆಯಾಗಿದ್ದು ಕಾರ್ತಿಕದಲ್ಲಿ. ಅಂದರೆ ಆನಿವರ್ಸರಿ ಬರುವುದು ಸ್ಕೂಲು ಜೋರಾಗಿ ನಡೆಯುವ ನವೆಂಬರಿನಲ್ಲಿ. ಅದಕ್ಕೇ ಇಷ್ಟು ವರ್ಷ ಅದು ಹೋಟೆಲಿನಲ್ಲಿ ಒಂದು ಊಟ, ಗೋಬಿ ಮಂಚೂರಿಗೆ ಮಕ್ಕಳ ಜಗಳ, ಒಂಬತ್ತೂವರೆಗೆ ಮನೆ, ಅಷ್ಟಕ್ಕೇ ಮುಗಿಯುತ್ತಿತ್ತು. ಈ ಸಲ ಅತ್ತೆಯೇ ‘ಹೋಗಿ ಬನ್ನಿ, ನಾನಿದ್ದೀನಿ’ ಅಂದರು. ಅವರು ಮನಸ್ಸು ಬದಲಾಯಿಸುವ ಮೊದಲು ಹೊರಟುಬಿಟ್ಟೆವು. ರೆಸಾರ್ಟ್ ಬುಕ್ ಮಾಡಿದ್ದು ಇವರು, ಸರ್‌ಪ್ರೈಸ್ ಅಂತೆ. ಹೋಮ್‌ಸ್ಟೇ ನನ್ನ ಆಯ್ಕೆ. ಈ ವಿಷಯ ಮನೆಯಲ್ಲಿ ಇನ್ನೂ ಚರ್ಚೆಯಲ್ಲಿದೆ.

ದಾರಿ ಎಲ್ಲರಿಗೂ ಗೊತ್ತಿರುವುದೇ. ನೆಲಮಂಗಲ ದಾಟಿದರೆ ಹಾಸನದ ತನಕ ನಾಲ್ಕು ಪಥದ ಹೈವೇ, ಎನ್‌ಹೆಚ್ 75. ಫಾಸ್ಟ್ಯಾಗಿನಲ್ಲಿ ದುಡ್ಡಿದೆಯಾ ನೋಡಿಕೊಂಡರೆ ಸಾಕು. ನೆಲಮಂಗಲ ದಾಟುವುದೇ ಕಷ್ಟ, ಬೆಳಿಗ್ಗೆ ಆರಕ್ಕೆ ಮೊದಲು ದಾಟಿದರೆ ಪುಣ್ಯ. ಕುಣಿಗಲ್ಲಿನವರೆಗೆ ನಾವು ಮಾತಾಡಿದ್ದು ಟ್ಯೂಷನ್ನು, ಮಗಳ ಕನ್ನಡಕ, ಸ್ಕೂಲ್ ಬಸ್ಸಿನ ಫೀಸು. ಯಡಿಯೂರು ಹತ್ತಿರ ಇಡ್ಲಿ ತಿಂದೆವು. ಅಲ್ಲಿಂದ ಮುಂದೆ ಮಾತೇ ಇಲ್ಲ. ಕೋಪಕ್ಕಲ್ಲ, ಹಿಂದಿನ ಸೀಟಿನಿಂದ ಯಾರೂ ಏನೂ ಕೇಳದಿದ್ದರೆ ಏನು ಮಾಡಬೇಕು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಚನ್ನರಾಯಪಟ್ಟಣದ ಹತ್ತಿರ ಶ್ರವಣಬೆಳಗೊಳದ ಬೋರ್ಡು ಬಂದಾಗ ಇವರು ‘ಹತ್ತೋಣ್ವಾ?’ ಅಂದರು. ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ನನ್ನ ಮಂಡಿ ಗೊತ್ತಿದ್ದೂ ಕೇಳಿದರು. ಬೇಡ ಅಂದೆ. ಅಷ್ಟರಲ್ಲೇ ಇಬ್ಬರಿಗೂ ನಗು ಬಂತು, ಆಮೇಲೆ ಮಾತು ಸರಾಗವಾಯಿತು.

ಹಾಸನದಿಂದ ನೇರ ಬೇಲೂರಿಗೆ ಓಡುವವರಿಗೆ ಒಂದು ಮಾತು. ಆ ರಸ್ತೆಯಿಂದ ಸ್ವಲ್ಪ ಒಳಗೆ ದೊಡ್ಡಗದ್ದವಳ್ಳಿ ಅಂತ ಊರಿದೆ, ಅಲ್ಲಿನ ಲಕ್ಷ್ಮೀದೇವಿ ಗುಡಿ ನೋಡದೆ ಹೋಗಬೇಡಿ. ಹೊಯ್ಸಳರ ಮೊದಮೊದಲ ಗುಡಿಗಳಲ್ಲಿ ಒಂದು, ಬೇಲೂರಿಗಿಂತ ಹಳೆಯದು. ನಾಲ್ಕು ಗರ್ಭಗುಡಿ, ಪಕ್ಕದಲ್ಲೇ ಕೆರೆ, ಹೊರಗೋಡೆಯಲ್ಲಿ ಬೇಲೂರಿನಂಥ ಕುಸುರಿ ಕೆಲಸ ಇಲ್ಲ, ಅದಕ್ಕೇ ಕಣ್ಣಿಗೆ ಹಿತ. ಕಾಳಿಯ ಗುಡಿ ಕಡೆ ಹೋದರೆ ಎರಡೂ ಪಕ್ಕ ಬೇತಾಳಗಳು ನಿಂತಿವೆ. ಪಕ್ಕೆಲುಬು ಒಂದೊಂದೇ ಎಣಿಸಬಹುದು, ಹಲ್ಲು ಕಿರಿದುಕೊಂಡಿವೆ, ಹೊಟ್ಟೆ ಬೆನ್ನಿಗೆ ಅಂಟಿದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವ ತನಕ ಅವು ಕಾಣುವುದೇ ಇಲ್ಲ, ಆಮೇಲೆ ಪಕ್ಕನೆ ಮುಖದ ಎದುರಿಗೇ ಇರುತ್ತವೆ. ನನ್ನ ಮಗ ಇದ್ದಿದ್ದರೆ ಎರಡು ರಾತ್ರಿ ನಮ್ಮ ಮಧ್ಯೆ ಮಲಗುತ್ತಿದ್ದ.

ಇನ್ನೊಂದು ವಿಷಯ. ಈ ಗುಡಿ ಕಟ್ಟಿಸಿದ್ದು ರಾಜನಲ್ಲ. ಶಾಸನದ ಪ್ರಕಾರ ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ, ವಿಷ್ಣುವರ್ಧನನ ಕಾಲದಲ್ಲಿ, ಸುಮಾರು 1113ರಲ್ಲಿ. ಗಂಡ ಹೆಂಡತಿ ಸೇರಿ ಕಟ್ಟಿಸಿದ ಗುಡಿ, ಇಬ್ಬರ ಹೆಸರೂ ಇದೆ. ಆನಿವರ್ಸರಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವ ಪ್ಯಾಕೇಜಿನಲ್ಲೂ ಸಿಗಲಿಕ್ಕಿಲ್ಲ. ನಾವು ಹೋದಾಗ ಒಳಗೆ ಬೇರೆ ಯಾರೂ ಇರಲಿಲ್ಲ. ಕಾಸೂ ಕೊಡಲಿಲ್ಲ.

ಬೇಲೂರಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿ. ಬಾಗಿಲ ಪಕ್ಕದ ದರ್ಪಣ ಸುಂದರಿಯ ಮುಂದೆ ಸೆಲ್ಫಿಗೆ ಕ್ಯೂ. ನೀವು ಅದೇ ಅಂಗಳದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿಗೆ ಹೋಗಿ ಕೂತುಕೊಳ್ಳಿ. ಅದು ಶಾಂತಲಾದೇವಿ ಕಟ್ಟಿಸಿದ್ದು, ಅಲ್ಲಿ ನೂಕುನುಗ್ಗಲಿಲ್ಲ. ಮಧ್ಯಾಹ್ನ ಅಂಗಳದ ಕಲ್ಲು ಕಾದಿರುತ್ತದೆ, ಚಪ್ಪಲಿ ಹೊರಗೇ ಬಿಡಬೇಕು, ಹಳೇ ಸಾಕ್ಸ್ ಇಟ್ಟುಕೊಳ್ಳಿ. ಗೈಡ್ ಒಳ್ಳೆಯವರೇ ಸಿಕ್ಕಿದ್ದರು, ಆದರೆ ಅವರೂ ಕೇಳಿದರು, ‘ಮಕ್ಕಳು ಬರಲಿಲ್ವಾ ಮೇಡಂ?’ ಈ ಪ್ರಶ್ನೆಯನ್ನು ಇಡ್ಲಿ ಹೋಟೆಲಿನವರು, ಪೆಟ್ರೋಲ್ ಬಂಕಿನ ಹುಡುಗ, ಎಳನೀರಿನ ಅಜ್ಜ ಎಲ್ಲರೂ ಕೇಳಿದರು. ಇವರನ್ನು ಒಬ್ಬರೂ ಕೇಳಲಿಲ್ಲ, ಬರೀ ನನ್ನನ್ನು.

ಈಗ ರೆಸಾರ್ಟು. ಚಿಕ್ಕಮಗಳೂರಿನಿಂದ ಹೊರಗೆ, ತೋಟದ ನಡುವೆ, ಕಾಟೇಜುಗಳು. ರೂಮಿಗೆ 9,500, ಅದರ ಮೇಲೆ ‘ಆನಿವರ್ಸರಿ ಡೆಕೋರ್’ ಅಂತ 3,000, ಅದರ ಮೇಲೆ ಟ್ಯಾಕ್ಸ್. ರಿಸೆಪ್ಷನ್ನಿನಲ್ಲಿ ಹಣೆಗೆ ಕುಂಕುಮ ಇಟ್ಟು ಕೋಕಂ ಶರಬತ್ತು ಕೊಟ್ಟರು, ಅಲ್ಲಿಯವರೆಗೆ ಚೆನ್ನಾಗಿತ್ತು. ಇಬ್ಬರ ಆಧಾರ್ ತೆಗೆದುಕೊಂಡು ರೂಮಿಗೆ ಕರೆದುಕೊಂಡು ಹೋದ ಹುಡುಗ ಬಾಗಿಲು ತೆಗೆಯುವ ಮೊದಲು ‘ಒಂದ್ನಿಮಿಷ ಸಾರ್’ ಅಂತ ಮೊಬೈಲ್ ತೆಗೆದ. ನಾವು ಒಳಗೆ ಹೋಗುವುದನ್ನು ವಿಡಿಯೋ ಮಾಡಬೇಕಂತೆ. ಹೋದೆವು. ‘ಮೇಡಂ, ಸರ್‌ಪ್ರೈಸ್ ಆದ ಥರ ಮಾಡಿ, ಇನ್ನೊಂದ್ಸಲ ಬನ್ನಿ’ ಅಂದ. ನಾನು ಬ್ಯಾಗು ಹಿಡಿದುಕೊಂಡು, ಒಂದು ಬಕೆಟ್ ಬಿಸಿನೀರು ಸಿಕ್ಕರೆ ಸಾಕು ಅಂತ ನಿಂತಿದ್ದೇನೆ. ಇವರು ಪಾಪ, ದುಡ್ಡು ಕೊಟ್ಟಿದ್ದಾರಲ್ಲ, ಇನ್ನೊಂದು ಸಲ ನಗುತ್ತಾ ಬಂದರು.

ಮಂಚದ ಮೇಲೆ ಟವೆಲ್ಲಿನಿಂದ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು. ಸುತ್ತ ಹೃದಯದ ಆಕಾರದಲ್ಲಿ ಗುಲಾಬಿ ಎಸಳು. ಎಸಳಿನ ಅಂಚು ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು, ಅಂದರೆ ಹಿಂದಿನ ದಿನದ ಜೋಡಿಗೆ ಹಾಕಿದ್ದನ್ನೇ ಫ್ರಿಜ್ಜಿನಲ್ಲಿಟ್ಟು ತಂದರೋ ಏನೋ, ನನ್ನ ಅನುಮಾನ ಅಷ್ಟೆ. ಗೋಡೆಗೆ ಅಂಟಿಸಿದ್ದ ಬಲೂನ್ ಅಕ್ಷರಗಳಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಸುಯ್ ಅಂತ ಗಾಳಿ ಬಿಟ್ಟುಕೊಂಡು ಇವರ ಮುಖದ ಮೇಲೆ ಬಿತ್ತು. ಎಸಳು ಗುಡಿಸಲು ಪೊರಕೆ ಕೇಳಿದರೆ ಹೌಸ್‌ಕೀಪಿಂಗ್ ಶಿಫ್ಟ್ ಮುಗಿದಿದೆ ಅಂದರು. ಬೆಡ್‌ಶೀಟನ್ನೇ ಹೊರಗೆ ಕೊಡವಿದೆವು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೂವಿನ ಮಂಚವನ್ನು ನಾವೇ ಗುಡಿಸಬೇಕಾಯಿತು.

ಅದಕ್ಕಿಂತ ದೊಡ್ಡ ತೊಂದರೆ ಟೈಮ್‌ಟೇಬಲ್ಲು. ಐದಕ್ಕೆ ಪ್ಲಾಂಟೇಶನ್ ವಾಕ್, ಆರೂವರೆಗೆ ‘ಕಪಲ್ ಗೇಮ್ಸ್’, ಏಳೂವರೆಗೆ ಕ್ಯಾಂಪ್‌ಫೈರ್, ಎಂಟೂವರೆಯಿಂದ ಹತ್ತರವರೆಗೆ ಬಫೆ. ಬೆಳಿಗ್ಗೆ ಐದಕ್ಕೆ ಜೀಪು. ಯಾವುದಕ್ಕೂ ಹೋಗದೆ ವರಾಂಡದಲ್ಲಿ ಕೂತರೆ ಪ್ರತಿ ಸಲವೂ ಇಂಟರ್‌ಕಾಮ್, ‘ಸಾರ್ ಎಲ್ಲರೂ ಕಾಯ್ತಿದಾರೆ.’ ಮನೆಯಲ್ಲಿ ನಾನು ಮಕ್ಕಳಿಗೆ ಮಾಡುವುದನ್ನೇ ರೆಸಾರ್ಟಿನವರು ನಮಗೆ ಮಾಡುತ್ತಿದ್ದರು, ಅದಕ್ಕೆ ನಾವು ದುಡ್ಡು ಕೊಟ್ಟಿದ್ದೆವು. ಕೊನೆಗೆ ಕ್ಯಾಂಪ್‌ಫೈರಿಗೆ ಹೋದೆವು. ಸ್ಪೀಕರಿನ ಪಕ್ಕ ಕೂತು ಹತ್ತು ಜೋಡಿಗಳು ಒಬ್ಬರ ಮಾತು ಒಬ್ಬರಿಗೆ ಕೇಳದೆ ಬೆಂಕಿ ನೋಡುತ್ತಿದ್ದರು. ಅಲ್ಲೂ ಗೇಮ್ಸು ಬಿಡಲಿಲ್ಲ, ‘ನಿಮ್ಮ ಹೆಂಡತಿಯ ಫೇವರಿಟ್ ಕಲರ್ ಯಾವುದು’ ಅಂತ ಮೈಕಿನಲ್ಲಿ ಕೇಳಿದರು. ಇವರು ‘ಗೊತ್ತಿಲ್ಲ, ಆದರೆ ಗ್ಯಾಸ್ ಯಾವತ್ತು ಮುಗಿಯುತ್ತೆ ಅಂತ ಅವಳಿಗೆ ಗೊತ್ತು’ ಅಂದರು. ಚಪ್ಪಾಳೆ ಬಿತ್ತು.

ಊಟ? ಪನೀರ್ ಬಟರ್ ಮಸಾಲಾ, ಜೀರಾ ರೈಸು, ನೂಡಲ್ಸು. ಮಲೆನಾಡಿಗೆ ಬಂದು ಇದನ್ನು ತಿನ್ನಬೇಕಾ? ಕಾಫಿ ತೋಟದ ನಡುವೆ ಇದ್ದೂ ರೂಮಿನಲ್ಲಿ ಇಟ್ಟಿದ್ದು ಇನ್‌ಸ್ಟಂಟ್ ಕಾಫಿಯ ಪ್ಯಾಕೆಟ್. ನ್ಯಾಯವಾಗಿ ಹೇಳಬೇಕೆಂದರೆ ಹಾಸಿಗೆ ಬಹಳ ಚೆನ್ನಾಗಿತ್ತು, ಬಾತ್‌ರೂಮು ಫಳಫಳ, ಹುಡುಗರು ಮರ್ಯಾದೆಯವರು. ಹೊಸದಾಗಿ ಮದುವೆಯಾದವರಿಗೆ, ಗೆಳೆಯರ ಗುಂಪಿಗೆ ಇಷ್ಟವಾಗಬಹುದು. ಎರಡು ಪಾಯಿಂಟು ಅದಕ್ಕೇ.

ಮಾರನೇ ದಿನ ಮುಳ್ಳಯ್ಯನಗಿರಿ ಬಿಟ್ಟೆವು. ಈಗ ಅಲ್ಲಿಗೆ ವಾಹನ ಹೋಗಬೇಕೆಂದರೆ ಮೊದಲೇ ಆನ್‌ಲೈನ್ ಬುಕಿಂಗ್ ಆಗಿರಬೇಕು, ಇನ್ನೊಂದು ಟೈಮ್‌ಟೇಬಲ್ ನಮಗೆ ಬೇಡವಾಗಿತ್ತು. ನಿಧಾನಕ್ಕೆ ಮೂಡಿಗೆರೆ ಕಡೆ ಬಂದೆವು. ರಸ್ತೆಯ ಎರಡೂ ಕಡೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡದಲ್ಲಿ ಕೆಂಪು ಹಣ್ಣು. ಕಾರು ನಾನೇ ಓಡಿಸಿದೆ. ಇವರು ಪಕ್ಕದಲ್ಲಿ ಕೂತು ನಿದ್ದೆ ಮಾಡಿದರು, ಬ್ರೇಕ್ ಹಾಕು ಅಂತ ಒಂದು ಸಲವೂ ಹೇಳಲಿಲ್ಲ. ನನಗೆ ಸಿಕ್ಕ ಆನಿವರ್ಸರಿ ಗಿಫ್ಟ್ ಅದೇ.

ಹೋಮ್‌ಸ್ಟೇ ಹುಡುಕುವುದು ಕಷ್ಟ. ಮ್ಯಾಪ್ ಒಂದು ಗೇಟಿನ ಮುಂದೆ ನಿಲ್ಲಿಸಿ ಕೈಬಿಡುತ್ತದೆ. ಅಲ್ಲಿಂದ ಮಣ್ಣಿನ ರಸ್ತೆ, ಸಣ್ಣ ಕಾರಿನ ಹೊಟ್ಟೆ ಎರಡು ಕಡೆ ತಾಗಿತು. ಮಂಗಳೂರು ಹೆಂಚಿನ ಮನೆ, ಮುಂದೆ ಕಾಫಿ ಒಣಗಿಸುವ ಕಣ, ಜಗಲಿಯಲ್ಲಿ ಮರದ ಬೆಂಚು. ಬಂದ ತಕ್ಷಣ ಮನೆಯ ಅಮ್ಮ ಕೇಳಿದ್ದು ಅದೇ ಪ್ರಶ್ನೆ, ‘ಮಕ್ಕಳನ್ನ ಎಲ್ಲಿ ಬಿಟ್ಟು ಬಂದ್ರಿ?’

‘ಅತ್ತೆ ಹತ್ರ ಅಮ್ಮ’ ಅಂದೆ, ಇನ್ನೇನು ಹೇಳುತ್ತಾರೋ ಅಂತ.

‘ಒಳ್ಳೇದಾಯ್ತು ಬಿಡಿ. ಬಿಸಿಬಿಸಿ ಊಟ ಮಾಡಿ, ಮಲ್ಕೊಳಿ. ಏನಾದ್ರೂ ಬೇಕಾದ್ರೆ ಕೂಗಿ.’

ಅಷ್ಟೇ. ಆಮೇಲೆ ಅವರು ನಮ್ಮ ತಂಟೆಗೆ ಬರಲಿಲ್ಲ. ಊಟದ ಹೊತ್ತಿಗೆ ಮಾತ್ರ ಕರೆಯುತ್ತಿದ್ದರು.

ಊಟದ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಮಧ್ಯಾಹ್ನ ಕಡುಬು, ನಾಟಿಕೋಳಿ ಸಾರು. ಕಡುಬು ಅಂದರೆ ಅಕ್ಕಿತರಿಯದ್ದು, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು, ಮುರಿದರೆ ಒಳಗೆ ತರಿತರಿ. ಸಾರಿನಲ್ಲಿ ಖಾರ ಬರುವುದು ಮೆಣಸಿನಕಾಯಿಯಿಂದಲ್ಲ, ಅವರದೇ ತೋಟದ ಕಾಳುಮೆಣಸಿನಿಂದ. ಮೊದಲು ಗೊತ್ತಾಗುವುದಿಲ್ಲ, ನಾಲ್ಕನೇ ತುತ್ತಿಗೆ ಕಿವಿ ಬಿಸಿಯಾಗುತ್ತದೆ. ಇವರು ಮಾಂಸ ತಿನ್ನುವುದಿಲ್ಲ, ಅವರಿಗೆ ಬೇರೆ ಹಲಸಂದೆ ಕಾಳಿನ ಸಾರು ಮಾಡಿದ್ದರು, ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದರು. ರಾತ್ರಿ ಅಕ್ಕಿರೊಟ್ಟಿ. ನಮ್ಮ ಬೆಂಗಳೂರಿನ ಈರುಳ್ಳಿ ಸಬ್ಬಕ್ಕಿ ಸೊಪ್ಪು ಹಾಕಿ ತಟ್ಟುವ ದಪ್ಪ ರೊಟ್ಟಿ ಅಲ್ಲ. ಬಿಸಿನೀರಿನಲ್ಲಿ ಹಿಟ್ಟು ಬೇಯಿಸಿ, ನಾದಿ, ತೆಳ್ಳಗೆ ಲಟ್ಟಿಸಿ, ಹೆಂಚಿನ ಮೇಲೆ ಒಂದು ಸಲ ತಿರುವಿ ಆಮೇಲೆ ನೇರ ಕೆಂಡದ ಮೇಲೆ ಹಾಕುತ್ತಾರೆ. ಪೂರಿಯ ಹಾಗೆ ಉಬ್ಬುತ್ತದೆ, ಎಣ್ಣೆ ಒಂದು ತೊಟ್ಟೂ ಇಲ್ಲ. ಅಮ್ಮ ಅದನ್ನು ಬರಿಗೈಯಲ್ಲಿ ಎತ್ತಿ ನನ್ನ ತಟ್ಟೆಗೆ ಹಾಕುತ್ತಿದ್ದರು, ಜೊತೆಗೆ ಎಣ್ಣೆಗಾಯಿ, ಒಂದು ಚಮಚ ಬೆಣ್ಣೆ. ಒಲೆಯ ಮುಂದೆ ಮಣೆ ಹಾಕಿಕೊಂಡು ತಿಂದೆ. ಇನ್ನೊಬ್ಬರು ಮಾಡಿದ ರೊಟ್ಟಿಯನ್ನು ಬಿಸಿಯಾಗಿ ಕೂತು ತಿನ್ನುವುದು ಎಷ್ಟು ದೊಡ್ಡ ವಿಷಯ ಅಂತ ಅಡುಗೆ ಮಾಡುವ ಯಾರನ್ನಾದರೂ ಕೇಳಿ.

ಕಾಫಿ ಬೆಲ್ಲದ್ದು, ಹಿತ್ತಾಳೆ ಲೋಟದಲ್ಲಿ. ಸಕ್ಕರೆ ಬೇಕೆಂದರೆ ಕೊಡುತ್ತಾರೆ. ಪುಡಿ ಮನೆಯಲ್ಲೇ ಹುರಿದದ್ದು, ಚಿಕೋರಿ ಇಲ್ಲ, ಹಾಗಾಗಿ ನಮ್ಮ ಫಿಲ್ಟರ್ ಕಾಫಿಯ ಗಟ್ಟಿ ಬಣ್ಣ ಬರುವುದಿಲ್ಲ, ನೋಡಿದರೆ ನೀರು ಅನಿಸುತ್ತದೆ. ಕುಡಿದು ನೋಡಿ.

ಮನೆಯ ಯಜಮಾನರಿಗೆ ನಮ್ಮ ಆನಿವರ್ಸರಿಗಿಂತ ಆಕಾಶದ ಚಿಂತೆ ಜಾಸ್ತಿ ಇತ್ತು. ಅರೇಬಿಕಾ ಕೊಯ್ಲು ಶುರುವಾಗಿದೆ, ಕಣದಲ್ಲಿ ಕಾಫಿ ಹರವಿದೆ, ಮೋಡ ಕಟ್ಟಿದೆ. ಈ ಹೊತ್ತಿನಲ್ಲಿ ಮಳೆ ಬಂದರೆ ಗಿಡದ ಹಣ್ಣು ಉದುರುತ್ತದೆ, ಒಣಗಿಸಿದ್ದು ಬೂಸ್ಟು ಹಿಡಿಯುತ್ತದೆ. ಸಂಜೆ ನಾಲ್ಕು ಹನಿ ಬಿದ್ದವು. ಅವರು ಏನೂ ಹೇಳದೆ ಟಾರ್ಪಾಲ್ ಎಳೆಯಲು ಹೋದರು, ಇವರೂ ಪ್ಯಾಂಟ್ ಮಡಿಸಿ ಹಿಂದೆ ಹೋದರು. ಆಫೀಸಿನಲ್ಲಿ ಲ್ಯಾಪ್‌ಟಾಪ್ ಬಿಟ್ಟು ಏನೂ ಎತ್ತದ ಮನುಷ್ಯ ಟಾರ್ಪಾಲಿನ ತುದಿಗೆ ಕಲ್ಲು ಇಡುವುದನ್ನು ಜಗಲಿಯಲ್ಲಿ ಕೂತು ನೋಡಿದೆ. ಇದು ಯಾವ ಆಕ್ಟಿವಿಟಿ ಪಟ್ಟಿಯಲ್ಲೂ ಇರಲಿಲ್ಲ. ದುಡ್ಡೂ ತೆಗೆದುಕೊಳ್ಳಲಿಲ್ಲ!

ಕತ್ತಲಾದ ಮೇಲೆ ಹೊರಗೆ ಹೋಗಬೇಡಿ ಅಂದರು. ಆನೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಕಾಟ ಗೊತ್ತಿರುವುದೇ, ತೋಟಕ್ಕೇ ಬರುತ್ತವೆ, ಕೆಲಸದವರು ಜೀವ ಕೈಯಲ್ಲಿ ಹಿಡಿದು ಓಡಾಡುತ್ತಾರೆ. ಟೂರಿಸ್ಟುಗಳಿಗೆ ಅದು ಥ್ರಿಲ್ಲು, ‘ಆನೆ ತೋರಿಸ್ತೀರಾ’ ಅಂತ ಕೇಳುತ್ತಾರಂತೆ. ದಯವಿಟ್ಟು ಕೇಳಬೇಡಿ. ಬೆಳಕಿರುವಾಗಲೇ ಹೋಗಿ ಸೇರಿಕೊಳ್ಳಿ.

ಕೊರತೆಗಳನ್ನೂ ಹೇಳಬೇಕಲ್ಲ. ಹಾಸಿಗೆ ಹತ್ತಿಯದ್ದು, ಮಧ್ಯೆ ಗುಂಡಿ ಬಿದ್ದಿದೆ, ಬೆಳಿಗ್ಗೆ ಇಬ್ಬರೂ ಆ ಗುಂಡಿಯಲ್ಲೇ ಎದ್ದೆವು. ಆನಿವರ್ಸರಿಗೆ ಸರಿ, ಸೊಂಟಕ್ಕೆ ಸರಿಯಲ್ಲ. ಸ್ನಾನದ ಮನೆ ಹೊರಗೆ, ಹಂಡೆ ಒಲೆಯ ಬಿಸಿನೀರು, ಗೀಸರ್ ಇಲ್ಲ. ನೀರು ಮಾತ್ರ ಹದವಾಗಿ, ಹೊಗೆ ವಾಸನೆಯ ಜೊತೆ, ಎಷ್ಟು ಬೇಕಾದರೂ ಇದೆ. ರಾತ್ರಿ ಎದ್ದು ಹೋಗುವವರು ಟಾರ್ಚ್ ಇಟ್ಟುಕೊಳ್ಳಿ. ಗೋಡೆಗಳು ಮೇಲೆ ಹೆಂಚಿನ ತನಕ ಹೋಗುವುದಿಲ್ಲ, ಪಕ್ಕದ ಕೋಣೆಯ ಕೆಮ್ಮು ಕೇಳುತ್ತದೆ, ಅಂದರೆ ನಿಮ್ಮದೂ ಕೇಳುತ್ತದೆ, ಅರ್ಥ ಮಾಡಿಕೊಳ್ಳಿ. ಮೊಬೈಲ್ ಸಿಗ್ನಲ್ ಇಲ್ಲವೇ ಇಲ್ಲ. ವೈಫೈ ಪಡಸಾಲೆಯಲ್ಲಿ ಮಾತ್ರ, ಅದೂ ಕರೆಂಟ್ ಇದ್ದರೆ.

ಈ ಕೊನೆಯದ್ದು ಕೊರತೆ ಅಂತ ನನಗೆ ಅನಿಸಲಿಲ್ಲ, ಆದರೆ ಮಕ್ಕಳನ್ನು ಬಿಟ್ಟು ಹೋಗುವವರು ಮೊದಲೇ ತಿಳಿದಿರಬೇಕು. ರೆಸಾರ್ಟಿನಲ್ಲಿ ಫುಲ್ ಸಿಗ್ನಲ್ ಇತ್ತು. ‘ಅಮ್ಮಾ ಚಾರ್ಜರ್ ಎಲ್ಲಿ’, ‘ಅಮ್ಮಾ ಅವನು ಹೊಡೆದ’, ‘ಅಮ್ಮಾ ಅಜ್ಜಿ ಹಾಗಲಕಾಯಿ ಮಾಡಿದಾರೆ’, ಅರ್ಧ ಗಂಟೆಗೊಂದು ಕರೆ. ಇಲ್ಲಿ ಸಂಜೆ ಪಡಸಾಲೆಯಲ್ಲಿ ಕೂತು ಒಂದೇ ಸಲ ವಿಡಿಯೋ ಕಾಲ್ ಮಾಡಿದೆ. ಮಗ ಕ್ಯಾಮೆರಾಕ್ಕೆ ಹಣೆ ಮಾತ್ರ ತೋರಿಸಿ ಓಡಿದ. ಅತ್ತೆ, ‘ಇಲ್ಲಿ ಎಲ್ಲ ಸರಿಯಾಗಿದೆ, ಪದೇ ಪದೇ ಫೋನ್ ಮಾಡಬೇಡ’ ಅಂತ ಅವರೇ ಇಟ್ಟರು. ಹೋಮ್‌ಸ್ಟೇಯವರ ಲ್ಯಾಂಡ್‌ಲೈನ್ ನಂಬರನ್ನು ಮನೆಯಲ್ಲಿ ಕೊಟ್ಟು ಹೋಗಿ, ಸಾಕು.

ದುಡ್ಡು: ಹೋಮ್‌ಸ್ಟೇಗೆ ತಲೆಗೆ 2,500, ಊಟ ತಿಂಡಿ ಕಾಫಿ ಎಲ್ಲ ಸೇರಿ. ಅಂದರೆ ಇಬ್ಬರಿಗೂ ಸೇರಿ ರೆಸಾರ್ಟಿನ ಬಿಲ್ಲಿನ ಅರ್ಧಕ್ಕಿಂತ ಕಡಿಮೆ. ಹೊರಡುವಾಗ ಕಾಳುಮೆಣಸು, ಕಾಫಿಪುಡಿ ಕೊಂಡೆವು, ಅದಕ್ಕೆ ಬೇರೆ. ಕಾರು ಸುತ್ತಿ ಬರುವಾಗ ಒಟ್ಟು 550 ಕಿಲೋಮೀಟರ್ ಆಸುಪಾಸು ಓಡಿತ್ತು.

ವಾಪಸ್ ಬರುವಾಗ ಸಕಲೇಶಪುರದ ಆಚೆ ಮಂಜರಾಬಾದ್ ಕೋಟೆಗೆ ಹತ್ತಿದೆವು. ಟಿಪ್ಪು 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ. ಆಕಾರ ಡ್ರೋನಿನಲ್ಲಿ ಮಾತ್ರ ಕಾಣುತ್ತದೆ, ಕೆಳಗಿನಿಂದ ಗೋಡೆ ತಿರುಗಿ ತಿರುಗಿ ಹೋದಂತೆ ಅಷ್ಟೆ. ಶ್ರವಣಬೆಳಗೊಳಕ್ಕೆ ಒಲ್ಲೆ ಅಂದ ಮಂಡಿ ಇಲ್ಲಿ ಹೇಗೆ ಒಪ್ಪಿತು ಅಂತ ಇವರು ಕೇಳಿದರು. ಇಲ್ಲಿ ಮೆಟ್ಟಿಲು ಕಡಿಮೆ. ಶನಿವಾರ ಭಾನುವಾರ ಹೋಗಬೇಡಿ, ಮದುವೆಗೆ ಮುಂಚಿನ ಫೋಟೋ ಶೂಟಿನವರು ಬಾಗಿಲಲ್ಲೇ ನಿಂತಿರುತ್ತಾರೆ, ನೀವು ದಾಟಬೇಕೆಂದರೆ ಅವರ ಲೆಹೆಂಗಾ ಸರಿಯಬೇಕು.

ಮಳೆಗಾಲದಲ್ಲಿ ಆ ಹೋಮ್‌ಸ್ಟೇಗೆ ಹೋಗುವ ಯೋಚನೆ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟಿನ ಭರವಸೆ ಇಲ್ಲ, ಮಣ್ಣಿನ ರಸ್ತೆಗೆ ಸಣ್ಣ ಕಾರು ಬೇಡ, ಇಂಬಳ ಕಚ್ಚುತ್ತದೆ, ಉಪ್ಪು ಅಥವಾ ಸುಣ್ಣ ಜೊತೆಗಿರಲಿ. ಆಗ ಮಾತ್ರ ಕಳಲೆ ಪಲ್ಯ, ಕೆಸುವಿನ ಎಲೆಯ ಪತ್ರೊಡೆ ಸಿಗುತ್ತದಂತೆ. ಹಾಸಿಗೆ ಅಷ್ಟರಲ್ಲಿ ಬದಲಾಯಿಸುತ್ತೇವೆ ಅಂದಿದ್ದಾರೆ. ಅಮ್ಮ ಅಂದಿದ್ದು, ಯಜಮಾನರು ಸುಮ್ನೆ ಆಕಾಶ ನೋಡುತ್ತಿದ್ದರು.